ವಿ-ಬಾಲದ ನೆರಳಿನ ಲೆಕ್ಕ

ತುಮಕೂರಿನಲ್ಲಿ ಜಮೀನಿನ ನಕ್ಷೆ ತೆಗೆಯುವ, ರೆಕ್ಕೆಯುಳ್ಳ ಡ್ರೋನ್‌ಗಳನ್ನು ಕಟ್ಟುವ ಸಣ್ಣ ತಂಡವೊಂದರಲ್ಲಿ ವಿನ್ಯಾಸದ ಹೊಣೆ ನನ್ನದು. ನಮ್ಮ ಮೊದಲ ಮಾದರಿಯದು ಸಾಮಾನ್ಯ ಬಾಲ: ಅಡ್ಡ ಫಲಕ 800 ಚದರ ಸೆಂಟಿಮೀಟರ್, ನಿಲುವು ಫಲಕ 400. ಕೊರಟಗೆರೆ ಕಡೆಯ ಕೊಯ್ಲಾದ ರಾಗಿ ಹೊಲಗಳಲ್ಲಿ ಹೊಟ್ಟೆಯ ಮೇಲೆ ಇಳಿಸುವಾಗ, ತಗ್ಗಿನಲ್ಲಿದ್ದ ಅಡ್ಡ ಫಲಕ ಕೂಳೆಗೆ ಸಿಕ್ಕಿ ಮತ್ತೆ ಮತ್ತೆ ಮುರಿಯುತ್ತಿದ್ದುದರಿಂದ ವಿ-ಬಾಲಕ್ಕೆ, ಅಂದರೆ ಅಡ್ಡ-ನಿಲುವು ಫಲಕಗಳ ಬದಲು V ಆಕಾರದಲ್ಲಿ ಓರೆಯಾಗಿ ನಿಂತ ಎರಡೇ ಫಲಕಗಳ ಬಾಲಕ್ಕೆ ಬದಲಾಯಿಸಿದೆವು.

ಲೆಕ್ಕ ತಪ್ಪಿದ್ದು ಅಲ್ಲಿಯೇ. 35 ಡಿಗ್ರಿ ಮೇಲಕ್ಕೆತ್ತಿದ ಎರಡು ಫಲಕಗಳ ಒಟ್ಟು ವಿಸ್ತೀರ್ಣ 1000 ಇದ್ದರೆ, ನೆಲಕ್ಕೆ ಬೀಳುವ ನೆರಳು ಸುಮಾರು 820, ಎರಡು ಫಲಕಗಳೂ ಪಕ್ಕಕ್ಕೆ ಬೀಳಿಸುವ ನೆರಳುಗಳ ಮೊತ್ತ ಸುಮಾರು 570. ಇವೆರಡೂ ಹಳೆಯ 800, 400ಕ್ಕಿಂತ ಕಡಿಮೆಯಿಲ್ಲ, ಆದರೂ ಹಳೆಯ ಬಾಲದ ವಿಸ್ತೀರ್ಣದಲ್ಲಿ ಆರನೆಯ ಒಂದು ಭಾಗ ಉಳಿಯಿತೆಂದು ನಾನು ಸಂತೋಷಪಟ್ಟೆ. ಹಾರಿಸಿದಾಗ ಅಡ್ಡಗಾಳಿಗೆ ಬಾಲ ಓಲಾಡತೊಡಗಿತು. ತೆಗೆದ ಚಿತ್ರಗಳು ಒಂದಕ್ಕೊಂದು ಸರಿಯಾಗಿ ಹೊಂದಲಿಲ್ಲ.

ಓರೆಯಾದ ಫಲಕಕ್ಕೆ ನಷ್ಟ ಎರಡು ಸಲ ಆಗುತ್ತದೆ. ವಿಮಾನದ ಮೂತಿ ಎದ್ದಾಗ ಫಲಕದ ಮೇಲೆ ಗಾಳಿ ಬೀಳುವ ಕೋನ ಪೂರ್ತಿ ಬದಲಾಗುವುದಿಲ್ಲ, ಅದರಿಂದ ಹುಟ್ಟಿದ ಬಲವೂ ನೇರವಾಗಿ ಮೇಲಕ್ಕೆ ಇರದೆ ಓರೆಯಾಗಿರುತ್ತದೆ. ಆದ್ದರಿಂದ ಗುಣಿಸಬೇಕಾದದ್ದು ನೆರಳಿನ ಅಳತೆ ಕೊಡುವ ಕೊಸೈನಿನಿಂದಲ್ಲ (ನಿಲುವಿಗಾದರೆ ಸೈನಿನಿಂದಲ್ಲ), ಅದರ ವರ್ಗದಿಂದ. ಹಾಗೆ ನೋಡಿದರೆ ನಮ್ಮ ಬಾಲ ನಿಜವಾಗಿ ಕೊಡುತ್ತಿದ್ದುದು ಅಡ್ಡಕ್ಕೆ 670, ನಿಲುವಿಗೆ 330. ಕೂಡಿದರೆ ಅದೇ 1000. ಹಳೆಯ ಸ್ಥಿರತೆ ಬೇಕೆಂದರೆ 1200 ಇರಲೇಬೇಕು. ಫಲಕಗಳು ಒಡಲಿಗೆ ಸೇರುವ ಕೀಲುಗಳು ಕಡಿಮೆಯಾಗಿ ಗಾಳಿಯ ಎಳೆತ ತುಸು ತಗ್ಗುವುದು ನಿಜವಾದ ಲಾಭ. ವಿಸ್ತೀರ್ಣದ ಉಳಿತಾಯ ಬರಿಯ ಭ್ರಮೆ.

ಫಲಕವನ್ನು ದೊಡ್ಡದು ಮಾಡುವ ಮುನ್ನ ಬೀಚ್‌ಕ್ರಾಫ್ಟ್ ಬೊನಾಂಜಾದ ಚರಿತ್ರೆಯನ್ನು ಓದಿದ್ದು ಒಳ್ಳೆಯದಾಯಿತು. 1947ರಿಂದ 1982ರವರೆಗೆ ವಿ-ಬಾಲದೊಂದಿಗೆ ತಯಾರಾದ ಆ ವಿಮಾನದ 1951ರ ಸಿ35 ಮಾದರಿಯಲ್ಲಿ ಬಾಲವನ್ನು ಮುಂದಕ್ಕೆ ಅಗಲಗೊಳಿಸಿದರೂ ಫಲಕದೊಳಗೆ ಉದ್ದಕ್ಕೂ ಭಾರ ಹೊರುವ ಮುಂದಿನ ತೊಲೆ ಮೊದಲಿನ ಜಾಗದಲ್ಲಿಯೇ ಉಳಿಯಿತು. ಹಾರುವಾಗಲೇ ಬಾಲ ಮುರಿದ ಅಪಘಾತಗಳ ನಂತರ, 1987ರಲ್ಲಿ ಫಲಕದ ಮುಂದಿನ ಅಂಚಿನ ಬುಡಕ್ಕೆ ಬಲವರ್ಧನೆಯನ್ನು ಅಮೆರಿಕ ಕಡ್ಡಾಯಗೊಳಿಸಿತು. ನಾವೂ ತೊಲೆಯನ್ನು ಮುಂದಕ್ಕೆ ಸರಿಸಿದೆವು.

ಅಡ್ಡ ಫಲಕ ನಿಲುವು ಫಲಕದ ತುದಿಯ ಮೇಲೆ ಕೂರುವ ಟಿ-ಬಾಲವೂ ಕೂಳೆಯಿಂದ ದೂರವೇ ಇರುತ್ತಿತ್ತು, ಆದರೆ ಅದನ್ನು ಹೊರಲು ನಿಲುವು ಫಲಕಕ್ಕೆ ತೂಕ ಸೇರಿಸಬೇಕಾಗುತ್ತಿತ್ತು. ತಲೆಕೆಳಗಾದ ವಿ-ಬಾಲ ತಿರುವಿಗೆ ಅನುಕೂಲವಾಗಿ ವಾಲಿಸುತ್ತದೆಯಾದರೂ ಹೊಟ್ಟೆಯ ಮೇಲೆ ಇಳಿಯುವ ನಮ್ಮ ಡ್ರೋನ್‌ಗೆ ಅದು ಹೊಂದದು.

ಈಗಿನ 1200ರ ವಿ-ಬಾಲ ಗಾಳಿಯಲ್ಲಿ ನೆಟ್ಟಗಿದೆ. ಆದರೆ ಒಂದು ಸರ್ವೋ (ಫಲಕವನ್ನು ಆಡಿಸುವ ಪುಟ್ಟ ಮೋಟಾರು) ಕೆಟ್ಟರೆ ಏರಿಳಿತವೂ ತಿರುವೂ ಒಟ್ಟಿಗೆ ಕೈತಪ್ಪುವುದರಿಂದ, ಪ್ರತಿ ಹಾರಾಟಕ್ಕೆ ಮೊದಲು ಎರಡೂ ಫಲಕಗಳನ್ನು ನಾನೇ ಆಡಿಸಿ ನೋಡುತ್ತೇನೆ.