ದೆಡಿಯೂ ನಾನೇ, ಕೇಕಿನವಳೂ ನಾನೇ

ಗೆಳತಿಯ ಮದುವೆ ಮುಗಿದು ಮೂರು ವಾರವಾಯಿತು. ಎಡಗೈ ತೋರುಬೆರಳ ಮೇಲೆ ಸಕ್ಕರೆ ಪಾಕ ಸಿಡಿದು ಸುಟ್ಟ ಕಲೆ ಇನ್ನೂ ಪೂರ್ತಿ ಹೋಗಿಲ್ಲ. ಅದು ಮಾಸುವ ಮೊದಲು ಬರೆದುಬಿಡೋಣ ಎಂದು ಕುಳಿತಿದ್ದೇನೆ.

ಗೆಳತಿಯ ಹೆಸರು ಬರೆಯಕೂಡದು ಎಂದು ಅವಳೇ ತಾಕೀತು ಮಾಡಿದ್ದಾಳೆ. ಆದ್ದರಿಂದ ಬಾಯಮ್ಮ ಎನ್ನುತ್ತೇನೆ. ಮಂಗಳೂರು ಕಡೆ ಅಂಗಡಿಯವರು, ಮೀನಿನವರು ಕ್ರೈಸ್ತರ ಮನೆಯ ಹೆಂಗಸರನ್ನು ಕರೆಯುವುದು ಹಾಗೆಯೇ. ಹಾಸ್ಟೆಲಿನಲ್ಲಿ ಹತ್ತೊಂಬತ್ತರ ಹುಡುಗಿಯನ್ನು ಹಾಗೆ ಕರೆದು ರೇಗಿಸುವುದರಲ್ಲಿ ನಮಗೊಂದು ಸುಖವಿತ್ತು. ಅವಳು ಸುಮ್ಮನಿರುತ್ತಾಳೆಯೇ? ತೀರ್ಥಹಳ್ಳಿಯ ಪುಳಿಚಾರಿನ, ಅಂದರೆ ಸಸ್ಯಾಹಾರಿ ಮನೆಯವಳಾದ ನನ್ನನ್ನು ಭಟ್ಟರೇ ಎಂದು ಕರೆಯತೊಡಗಿದಳು. ಹನ್ನೊಂದು ವರ್ಷವಾದರೂ ಅದೇ ನಡೆದಿದೆ.

ಕಳೆದ ವರ್ಷದ ಕೊನೆಯಲ್ಲಿ ಫೋನ್ ಮಾಡಿ, "ಭಟ್ಟರೇ, ನನಗೆ ಇಬ್ಬರು ದೆಡಿಯರು. ಒಬ್ಬಳು ಚಿಕ್ಕಪ್ಪನ ಮಗಳು, ಇನ್ನೊಬ್ಬಳು ನೀನು" ಎಂದಳು. ದೆಡಿ ಎಂದರೆ ಮದುಮಗಳ ಪಕ್ಕದಲ್ಲಿ ನಿಲ್ಲುವವಳು. ಕೊಂಕಣಿಯ ಮಾತು. ಹೂಗುಚ್ಛ ಹಿಡಿಯಬೇಕು, ಮುಸುಕು ಸರಿಮಾಡಬೇಕು, ಬೆವರಿದರೆ ಒರೆಸಬೇಕು. ಅಷ್ಟೇ ತಾನೇ ಎಂಬ ಧೈರ್ಯದಲ್ಲಿ, ಯಾರೂ ಕೇಳದಿದ್ದರೂ, "ಹಾಗಾದರೆ ಕೇಕ್ ಕೂಡ ನಾನೇ ಮಾಡುತ್ತೇನೆ" ಎಂದುಬಿಟ್ಟೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಮೂರು ಅಂತಸ್ತು ಬೇಕು ಮಾರಾಯ್ತಿ. ಮತ್ತೆ ಅದರೊಳಗೆ ಥರ್ಮಾಕೋಲ್ ಇರಬಾರದು."

ಥರ್ಮಾಕೋಲಿನ ಮಾತು ಬಂದದ್ದು ಸುಮ್ಮನೆ ಅಲ್ಲ. ಮದುವೆ ಮಂಟಪದಲ್ಲಿ ಆಳೆತ್ತರ ನಿಲ್ಲುವ ಎಷ್ಟೋ ಕೇಕುಗಳಲ್ಲಿ ಚಾಕು ಇಳಿಯುವ ಒಂದು ಭಾಗ ಬಿಟ್ಟರೆ ಉಳಿದದ್ದೆಲ್ಲ ಬಣ್ಣ ಬಳಿದ ಥರ್ಮಾಕೋಲ್. ಅದು ಮೋಸ ಎಂದೇನೂ ನಾನು ಹೇಳುವುದಿಲ್ಲ, ಮೇ ತಿಂಗಳ ಕರಾವಳಿಯ ಸೆಕೆಗೆ ಥರ್ಮಾಕೋಲಿನಷ್ಟು ನಂಬಿಗಸ್ತ ವಸ್ತು ಇನ್ನೊಂದಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಇವರದು ಈಸ್ಟರ್ ಕಳೆದು ಮೇ ಮೊದಲ ವಾರಕ್ಕೆ ಗೊತ್ತಾಗಿತ್ತು. ಆ ಸೆಕೆಗೆ ಬೆಣ್ಣೆ ಕ್ರೀಮು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಉಳಿದ ದಾರಿ ಒಂದೇ: ಹಣ್ಣು ತುಂಬಿದ ಹಳೆಯ ಕಾಲದ ಪ್ಲಮ್ ಕೇಕ್, ಅದರ ಮೇಲೆ ಗೇರುಬೀಜದ ಮಾರ್ಜಿಪಾನ್ ಎಂಬ ಸಿಹಿ ಹೊದಿಕೆ, ಅದರ ಮೇಲೆ ಗಟ್ಟಿಯಾಗುವ ಬಿಳಿ ಐಸಿಂಗ್. ಪ್ಲಮ್ ಕೇಕಿನಲ್ಲಿ ಪ್ಲಮ್ ಇರುವುದಿಲ್ಲ. ಹಿಂದೆ ಇಂಗ್ಲಿಷರು ಒಣದ್ರಾಕ್ಷಿಗೂ ಪ್ಲಮ್ ಎನ್ನುತ್ತಿದ್ದರಂತೆ. ನಮ್ಮ ಕಡೆಗೆ ಇದು ಬಂದ ಕಥೆಯನ್ನು ಕೇಳಿದರೆ ಎಲ್ಲರೂ ಕೇರಳದ ತಲಶ್ಶೇರಿಯ ಮಾಂಬಳ್ಳಿ ಬಾಪು ಅವರ ಬೇಕರಿಯ ಕಡೆಗೆ ಕೈ ತೋರಿಸುತ್ತಾರೆ. 1883ರಲ್ಲಿ ಒಬ್ಬ ಬ್ರಿಟಿಷ್ ತೋಟದ ಮಾಲೀಕ ತಂದುಕೊಟ್ಟ ಕೇಕಿನ ರುಚಿ ನೋಡಿ, ಅದರಂತೆಯೇ ಮಾಡಿಕೊಟ್ಟರು ಎಂದು. ನಾನು ನೂರನಲವತ್ತು ವರ್ಷ ತಡವಾಗಿ ಅದೇ ಕೆಲಸಕ್ಕೆ ಕೈ ಹಾಕಿದ್ದೆ.

ಲೆಕ್ಕ ಹಾಕಲು ಕುಳಿತಾಗ ಮೊದಲ ಬಾರಿ ಎದೆ ಧಸಕ್ಕೆಂದಿತು. 12, 9, 6 ಇಂಚಿನ ಮೂರು ದುಂಡು ಪಾತ್ರೆಗಳು. ಕೇಳುವುದಕ್ಕೆ 12 ಎಂದರೆ 6ರ ಎರಡರಷ್ಟು. ಆದರೆ ಹಿಟ್ಟು ತುಂಬುವುದು ಅಗಲಕ್ಕಲ್ಲ, ವಿಸ್ತೀರ್ಣಕ್ಕೆ. ದೊಡ್ಡದು ಚಿಕ್ಕದರ ನಾಲ್ಕು ಪಟ್ಟು, ನಡುವಿನದು ಎರಡೂಕಾಲು ಪಟ್ಟು. ಚಿಕ್ಕದಕ್ಕೆ 125 ಗ್ರಾಂ ಮೈದಾ, 2 ಮೊಟ್ಟೆ, 400 ಗ್ರಾಂ ಹಣ್ಣು ಎಂದರೆ ಮೂರಕ್ಕೂ ಸೇರಿ 900 ಗ್ರಾಂ ಮೈದಾ, 15 ಮೊಟ್ಟೆ, ಸುಮಾರು 2.9 ಕಿಲೋ ಹಣ್ಣು. ಒಣದ್ರಾಕ್ಷಿ, ಕಪ್ಪು ದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆ, ಟೂಟಿಫ್ರೂಟಿ ಎಲ್ಲವನ್ನೂ ಎರಡು ಭಾನುವಾರ ಕುಳಿತು ಹೆಚ್ಚಿದೆ. ಅವನ್ನು ನೆನೆಸಲು ರಮ್ ಬೇಕು. ಬದುಕಿನಲ್ಲಿ ಮೊದಲ ಸಲ ಮದ್ಯದ ಅಂಗಡಿಯ ಜಾಲರಿಯ ಮುಂದೆ ನಿಂತು, ಯಾರೂ ಕೇಳದಿದ್ದರೂ "ಕೇಕಿಗೆ" ಎಂದೆ. ಹುಡುಗ ತಲೆಯೆತ್ತಲೂ ಇಲ್ಲ. "ಕ್ವಾರ್ಟರೋ, ಹಾಫೋ?" ಎಂದ. ಫುಲ್ ಎಂದಾಗ ಮಾತ್ರ ಒಮ್ಮೆ ನೋಡಿದ.

ಫೆಬ್ರವರಿಯಲ್ಲಿ ನೆನೆಸಿದ ಹಣ್ಣು ಮಾರ್ಚಿಗೆ ಹದಕ್ಕೆ ಬಂತು. ಕೇಕಿನ ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ ಕರಗಿ ಜೇನಿನ ಬಣ್ಣಕ್ಕೆ ಬಂದಾಗ ಸಾಕು ಎನಿಸುತ್ತದೆ, ಸಾಲದು. ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂದು, ಹೊಗೆ ಏಳುವ ಕ್ಷಣದಲ್ಲಿ ಕುದಿಯುವ ನೀರು ಹೊಯ್ಯಬೇಕು. ಒಂದು ಗಳಿಗೆ ತಡವಾದರೂ ಕಹಿ. ನೀರು ಬಿದ್ದೊಡನೆ ಅದು ಹಾವಿನಂತೆ ಬುಸ್ಸೆಂದು ಮೇಲೆದ್ದು ಸಿಡಿಯುತ್ತದೆ. ಬೆರಳಿನ ಕಲೆ ಅಂದಿನದು.

ನನ್ನ ಮನೆಯ ಓವನ್ನಿನಲ್ಲಿ 9 ಮತ್ತು 6 ಇಂಚಿನವು ಹಿಡಿದವು. ದೊಡ್ಡ ಪಾತ್ರೆಯನ್ನು ಓರೆ ಮಾಡಿದರೂ ಬಾಗಿಲು ಮುಚ್ಚಲಿಲ್ಲ. ರಸ್ತೆಯ ಮೊದಲ ಬೇಕರಿಯವರು "ಮೊಟ್ಟೆ ಹಾಕಿದ್ದೀರಾ?" ಎಂದು ಕೇಳಿ ಕೈ ಮುಗಿದರು, ಅವರ ಓವನ್ನಿಗೆ ಮೊಟ್ಟೆ ಸೋಂಕುವ ಹಾಗಿಲ್ಲ. ನಮ್ಮ ಮನೆಯೂ ಅಂಥದ್ದೇ ಆದ್ದರಿಂದ ನನಗೇನೂ ಬೇಸರವಾಗಲಿಲ್ಲ. ಎರಡನೆಯ ಬೇಕರಿಯವರು ರಾತ್ರಿ ಬ್ರೆಡ್ಡು ಇಳಿಸಿದ ಮೇಲೆ ಬನ್ನಿ ಎಂದರು. ಪಾತ್ರೆಯ ಸುತ್ತ ದಿನಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ದಾರದಿಂದ ಕಟ್ಟಿದ್ದೆ, ಇಲ್ಲದಿದ್ದರೆ ನಡುಭಾಗ ಬೇಯುವ ಹೊತ್ತಿಗೆ ಅಂಚು ಇದ್ದಿಲಾಗುತ್ತದೆ. 150 ಡಿಗ್ರಿಯಲ್ಲಿ ನಾಲ್ಕೂವರೆ ಗಂಟೆ. ಹಿಟ್ಟಿನ ಮೂಟೆಗೆ ಒರಗಿ ಕುಳಿತಿದ್ದೆ. ಕೇಕು ಬೆಂದಿದೆಯೇ ಎಂದು ನೋಡಲು ಹೊಸ ಹಿಡಿಕಡ್ಡಿ ತಂದಿದ್ದೆನಾದರೂ ಅಲ್ಲಿನ ಹಿರಿಯ ಕೆಲಸಗಾರರು ಅದನ್ನು ಚುಚ್ಚಲು ಬಿಡಲಿಲ್ಲ. "ಕಿವಿಗೊಡಮ್ಮ" ಎಂದರು. ಪಾತ್ರೆಯ ಹತ್ತಿರ ಕಿವಿ ಒಯ್ದೆ. ಒಳಗಿನಿಂದ ಸಣ್ಣಗೆ ಚಟಪಟ, ಚಟಪಟ. ಸದ್ದು ಇರುವ ತನಕ ಒಳಗೆ ಹಸಿ ಇದೆ ಎಂದರ್ಥ. ಮತ್ತೆ ಇಪ್ಪತ್ತು ನಿಮಿಷ ಬಿಟ್ಟು ಕೇಳಿದಾಗ ಒಂದೆರಡು ಕಡೆ ಮಾತ್ರ ಪಿಸುಗುಟ್ಟುತ್ತಿತ್ತು. ಆಗ ತೆಗೆದೆವು. ಎಷ್ಟು ಪುಸ್ತಕ ಓದಿದ್ದರೂ ಕೇಕನ್ನು ಕೇಳಿಸಿಕೊಳ್ಳಬಹುದು ಎಂಬುದು ನನಗೆ ಗೊತ್ತಾದದ್ದು ಆ ರಾತ್ರಿ ಒಂದೂವರೆ ಗಂಟೆಗೆ.

ಆಮೇಲೆ ವಾರಕ್ಕೊಮ್ಮೆ ಒಂದೊಂದು ಚಮಚ ರಮ್ ಚಿಮುಕಿಸಿ, ಬಟರ್ ಪೇಪರಿನಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೆ. ಕೂಸಿಗೆ ಹಾಲು ಕೊಟ್ಟ ಹಾಗೆ.

ಮಾರ್ಜಿಪಾನಿನ ಹೊತ್ತಿಗೆ ಊರಿಗೆ ಹೋಗಿದ್ದೆ. ಅಮ್ಮನ ಅಡುಗೆಮನೆಗೆ ಮೊಟ್ಟೆಯ ಚಿತ್ರವಿರುವ ಚೀಲವೂ ಬರುವಂತಿಲ್ಲ. ಅಳುಕುತ್ತ ವಿವರಿಸಿದೆ: ಗೋಡಂಬಿ ನುಣ್ಣಗೆ ಪುಡಿ ಮಾಡಿ, ಸಕ್ಕರೆ ಪಾಕದಲ್ಲಿ ಕಾಯಿಸಿ, ಹಾಳೆಯಂತೆ ಲಟ್ಟಿಸಿ ಕೇಕಿಗೆ ಹೊದಿಸುವುದು. ಅಮ್ಮ ಕೇಳಿಸಿಕೊಂಡು, "ಗೋಡಂಬಿ ಬರ್ಫಿ ಎಂದು ಹೇಳಬಾರದೇ? ಅದನ್ನು ನಾನು ಮಾಡಿಕೊಡುತ್ತೇನೆ. ಅದರ ಕೆಳಗೆ ಏನಿದೆ ಎಂದು ನನಗೆ ಹೇಳಬೇಡ" ಎಂದಳು. ಎರಡು ಕಿಲೋ ಮಾಡಿದಳು. ಏಲಕ್ಕಿ ಹಾಕಲು ಹೊರಟವಳ ಕೈ ಹಿಡಿದೆ, ರಮ್ಮಿನ ಪರಿಮಳದ ಜೊತೆ ಬೇಡ ಎಂದು. ಅದನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಂಡಳು.

ಬರ್ಫಿ ಹಿಡಿದು ನನ್ನ ಮನೆಗೆ ಮರಳಿ, ಮದುವೆಗೆ ಹೊರಟಾಗ ಬಸ್ಸಿನಲ್ಲಿ ಶಿರಾಡಿ ಘಾಟಿಯ ತಿರುವುಗಳನ್ನು ನೆನೆದೇ ಹೆದರಿಕೆಯಾಯಿತು, ರಾತ್ರಿ ರೈಲು ಹಿಡಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗೆ 57 ಸುರಂಗಗಳು. ಅವನ್ನೆಲ್ಲ ಎಚ್ಚರವಾಗಿದ್ದು ದಾಟಿದೆ, ಕೈಯನ್ನು ಸೀಟಿನ ಕೆಳಗಿನ ಡಬ್ಬಿಯ ಮೇಲಿಟ್ಟುಕೊಂಡು. ಮೂಡುಬಿದಿರೆಯ ಹತ್ತಿರದ ಅವರ ಮನೆಯಲ್ಲಿ ಕೇಕಿಗೆ ಮಂಚವಿರುವ ಕೋಣೆಯೇ ಸಿಕ್ಕಿತು. ನಾನು ಚಾಪೆಯ ಮೇಲೆ ಮಲಗಿದೆ. ಇರುವೆಗಳಿಗೆ ಹೆದರಿ ಮೇಜಿನ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿ, ಎರಡು ದಿನ ಐಸಿಂಗ್ ಬಳಿದೆ. ಅಂತಸ್ತುಗಳನ್ನು ಒಂದರ ಮೇಲೊಂದು ಇಟ್ಟಾಗ ನಡುವೆ ಕಾಣುವ ಸಂದಿಯನ್ನು ಮುಚ್ಚುವ ಅಂಚು ಮಾತ್ರ ಬಾಕಿ. ಅದನ್ನು ಮದುವೆಯ ಬೆಳಿಗ್ಗೆ ಸಭಾಭವನದಲ್ಲೇ ಹಾಕಬೇಕು. ಅದಕ್ಕೆಂದು ಆರು ಮೊಟ್ಟೆಗಳನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೆ.

ಮದುವೆಯ ಹಿಂದಿನ ಸಂಜೆ ರೋಸ್. ಮದುಮಗಳಿಗೆ ಎಣ್ಣೆ ಹಚ್ಚಿ ತೆಂಗಿನಹಾಲಿನಿಂದ ಮೀಯಿಸುವ ಶಾಸ್ತ್ರ. ಕನ್ನೆತನಕ್ಕೆ ವಿದಾಯ ಹೇಳುವುದು ಎನ್ನುತ್ತಾರೆ. ನಮ್ಮ ಕಡೆಯ ಅರಿಶಿನ ಎಣ್ಣೆಗೂ ಇದಕ್ಕೂ ದೂರದ ನೆಂಟಸ್ತಿಕೆ ಇದ್ದೇ ಇದೆ. ಹಿರಿಯ ಹೆಂಗಸರು ವೊವಿಯೊ ಎಂಬ ಮದುವೆ ಹಾಡು ಹಾಡುತ್ತಿದ್ದರೆ ಒಬ್ಬೊಬ್ಬರಾಗಿ ಬಂದು ಹಣೆಗೆ ಶಿಲುಬೆಯ ಗುರುತು ಹಾಕಿ, ಎಣ್ಣೆ ಸವರಿ, ಹಾಲು ಹೊಯ್ಯುತ್ತಾರೆ. ಪಕ್ಕದಲ್ಲಿ ಕುಳಿತ ದೆಡಿಯರಿಗೂ ಪಾಲು ಸಿಗುತ್ತದೆ. ಅಪ್ಪ ಹಾಲು ಹೊಯ್ಯುವಾಗ ಬಾಯಮ್ಮನ ಮುಖದ ಮೇಲೆ ಇಳಿದ ನೀರೆಲ್ಲ ತೆಂಗಿನಹಾಲಲ್ಲ ಎಂಬುದು ಅಷ್ಟು ಹತ್ತಿರವಿದ್ದ ನನಗೆ ಮಾತ್ರ ಕಂಡಿತು. ಅವಳ ಮೊಣಕೈ ಹಿಡಿದುಕೊಂಡೆ, ಎಣ್ಣೆಗೆ ಕೈ ಜಾರಿತು, ಇಬ್ಬರಿಗೂ ನಗು ಬಂತು.

ಹಿರಿಯರ ಸರದಿ ಮುಗಿದ ಮೇಲೆ ಪಡ್ಡೆಗಳ ಸರದಿ. ಸಾಸು, ಬಿಯರು, ಮೊಟ್ಟೆ ಕೈಗೆ ಸಿಕ್ಕಿದ್ದನ್ನೆಲ್ಲ ಸುರಿಯುವ ಹೊಸ ಹುಚ್ಚು. ಒಬ್ಬ ಹುಡುಗ ನನ್ನ ನೆತ್ತಿಯ ಮೇಲೂ ಮೊಟ್ಟೆಯೊಂದನ್ನು ಒಡೆದ. ತಣ್ಣಗಿತ್ತು. ಈ ಸೆಕೆಯಲ್ಲಿ ಮೊಟ್ಟೆ ಇಷ್ಟು ತಣ್ಣಗೆ ಹೇಗೆ ಎಂದು ಆಗಲೇ ಹೊಳೆಯಬೇಕಿತ್ತು.

ಹೊಳೆದದ್ದು ಬೆಳಿಗ್ಗೆ ಐದೂವರೆಗೆ, ಫ್ರಿಜ್ಜಿನ ಬಾಗಿಲು ತೆರೆದಾಗ. ಆರೂ ಇಲ್ಲ. ಅಂಗಳದ ಮೂಲೆಯಲ್ಲಿ ಚಿಪ್ಪುಗಳು ಇದ್ದವು. ಅಂಗಡಿಗಳು ತೆರೆಯುವುದು ಎಂಟಕ್ಕೆ, ಇಗರ್ಜಿಯಲ್ಲಿ ಪೂಜೆ ಹತ್ತಕ್ಕೆ, ನಾನು ಒಂಬತ್ತಕ್ಕೆ ಸೀರೆಯುಟ್ಟು ಮದುಮಗಳ ಪಕ್ಕದಲ್ಲಿ ಇರಬೇಕು. ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ಅಳುವುದೋ ಬೈಯುವುದೋ ಎಂದು ಯೋಚಿಸುತ್ತಿದ್ದೆ. ರೋಸಿನ ಪಾತ್ರೆ ತೊಳೆಯಲು ಬಂದಿದ್ದ ನೆರೆಮನೆಯ ಅಕ್ಕ ವಿಷಯ ಕೇಳಿ, ಏನೂ ಹೇಳದೆ ಹೊರಟುಹೋದರು. ಹತ್ತು ನಿಮಿಷದಲ್ಲಿ ಸೆರಗಿನಲ್ಲಿ ಐದು ನಾಟಿ ಮೊಟ್ಟೆ. ಒಂದು ಇನ್ನೂ ಬೆಚ್ಚಗಿತ್ತು. "ಕೋಳಿ ಈಗಷ್ಟೇ ಎದ್ದಿತು" ಎಂದರು.

ನಾಟಿ ಮೊಟ್ಟೆ ಚಿಕ್ಕದು, ಬಿಳಿಯೂ ಕಡಿಮೆ. ಐದನ್ನೂ ಒಡೆದು, ಬಿಳಿಗೆ ನಾಲ್ಕು ಹನಿ ನಿಂಬೆರಸ ಬೆರೆಸಿ, ಐಸಿಂಗ್ ಸಕ್ಕರೆ ಹಾಕಿ ಕಡೆದೆ. ಸಭಾಭವನದ ಮೇಜಿನ ಮೇಲೆ ಅಂತಸ್ತುಗಳನ್ನು ಇರಿಸಿ, ಬಟರ್ ಪೇಪರಿನ ಕೊಳವೆಯಿಂದ ಸಂದಿಯ ಸುತ್ತ ಮಲ್ಲಿಗೆ ಮೊಗ್ಗಿನ ಸಾಲಿನಂತೆ ಅಂಚು ಹಾಕಿದೆ. ಗಡಿಬಿಡಿಯಲ್ಲಿ ಗ್ಲಿಸರಿನ್ ಮರೆತೆ. ಒಂದು ಚಮಚ ಬಿದ್ದಿದ್ದರೆ ಐಸಿಂಗ್ ಕಲ್ಲಾಗುವುದಿಲ್ಲ. ಇದು ನೆನಪಾದದ್ದು ಇಗರ್ಜಿಯಲ್ಲಿ, ಉಂಗುರ ತೊಡಿಸುವ ಗಂಭೀರ ಗಳಿಗೆಯಲ್ಲಿ. ಆಗಿನ ಫೋಟೊದಲ್ಲಿ ನನ್ನ ಮುಖ ನೋಡಿದವರು, ಗೆಳತಿ ದೂರವಾಗುವ ದುಃಖ ಎಂದುಕೊಂಡಿದ್ದಾರೆ.

ಊಟಕ್ಕೆ ಮುಂಚೆ ಕೇಕ್ ಕತ್ತರಿಸುವ ಹೊತ್ತು ಬಂತು. ರಿಬ್ಬನ್ ಕಟ್ಟಿದ ಚಾಕು, ನಾಲ್ಕು ಕೈ. ಚಾಕು ಇಳಿಯಲಿಲ್ಲ. ಮತ್ತೆ ಒತ್ತಿದರು. ವಾದ್ಯದವರು ನುಡಿಸಿದ್ದನ್ನೇ ಇನ್ನೊಮ್ಮೆ ನುಡಿಸಿದರು. ಬಾಯಮ್ಮ ಕ್ಯಾಮೆರಾದ ಕಡೆ ನಗುತ್ತಲೇ, ತುಟಿ ಅಲುಗಿಸದೆ, "ಭಟ್ಟರೇ, ಇದು ಕೇಕೋ ಸಿಮೆಂಟೋ?" ಎಂದಳು. "ಅಂಚು ಬಿಟ್ಟು ಮೇಲಿನಿಂದ ಒತ್ತು" ಎಂದೆ. ಕೊನೆಗೆ ಮದುಮಗ ಚಾಕುವಿನ ಹಿಡಿಗೆ ಅಂಗೈಯಿಂದ ಒಂದು ಗುದ್ದು ಕೊಟ್ಟ. ಟಪ್ ಎಂದು ಬಿರುಕು ಬಿಟ್ಟು ಒಳಗಿನ ಕಪ್ಪು ಕಂಡಿತು. ಚಪ್ಪಾಳೆ.

ಕೆಳಗಿನ ಎರಡು ಅಂತಸ್ತಿನಿಂದ ಬೆರಳಗಲದ ಸುಮಾರು ನೂರೈವತ್ತು ತುಂಡು ಆಯಿತು. ವೈನಿನ ಜೊತೆ ಎಲ್ಲರಿಗೂ ಸಾಲದೆಂದು ಅವಳ ಅಮ್ಮ ಮೊದಲೇ ಊರಿನ ಬೇಕರಿಯಿಂದ ಎರಡು ಟ್ರೇ ತರಿಸಿಟ್ಟಿದ್ದರು. ಮೇಲಿನ ಪುಟ್ಟದ್ದು ಮದುಮಗಳ ಜೊತೆ ಹೋಯಿತು. ನಾನು ಮಾತ್ರ ಕೇಕಿನ ಮೇಜು ಬಿಟ್ಟು ಕದಲದೆ, ತಿನ್ನುವವರ ಮುಖವನ್ನೇ ನೋಡುತ್ತಿದ್ದೆ. ಒಬ್ಬ ಮಾವ್ಶಿ, ಅಂದರೆ ಚಿಕ್ಕಮ್ಮ, ಬಂದು, ರಮ್ ಇನ್ನೂ ಸ್ವಲ್ಪ ತಡೆಯುತ್ತಿತ್ತು ಎಂದರು. ಮೊಟ್ಟೆ ಒಡೆದ ಹುಡುಗ ಮೂರು ತುಂಡು ತಿಂದ. ಅವನಿಗೆ ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು.

ವಾಪಸಾಗುವಾಗ ಊರಿನ ದಾರಿ ಹಿಡಿದೆ. ಖಾಲಿ ಡಬ್ಬಿಯನ್ನು ಅಮ್ಮ ಹೊರಗಿನ ನಲ್ಲಿಯಲ್ಲೇ ಎರಡು ಸಲ ತೊಳೆದಳು. ಮದುವೆ ಹೇಗಾಯಿತು, ಹುಡುಗ ಹೇಗಿದ್ದಾನೆ, ಸೀರೆ ಯಾವ ಬಣ್ಣ, ಎಲ್ಲವನ್ನೂ ಕೇಳಿದಳು. ಕೇಕಿನ ಮಾತೇ ಇಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ, ಮಜ್ಜಿಗೆ ಹೊಯ್ಯುತ್ತ, "ಬರ್ಫಿ?" ಎಂದಳು.

"ಮದುಮಗನ ಅಜ್ಜ ಕೇಕನ್ನೆಲ್ಲ ಬಿಟ್ಟು ಅದೊಂದನ್ನೇ ಬಿಡಿಸಿ ತಿಂದರು. ಯಾವ ಬೇಕರಿಯದು ಎಂದು ಕೇಳಿದರು."

"ಏಲಕ್ಕಿ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು" ಎಂದಳು ಅಮ್ಮ. "ನೀನು ಬಿಡಲಿಲ್ಲ."