ಯುರೋಪಿಯನ್ನರು ಅಂತ ನಿಜವಾಗಿ ಯಾರಾದರೂ ಇದ್ದಾರಾ?

ಜರ್ಮನಿಯಿಂದ ಊರಿಗೆ ಬಂದಾಗಲೆಲ್ಲ ಒಬ್ಬರಲ್ಲ ಒಬ್ಬರು ಕೇಳುವ ಪ್ರಶ್ನೆ ಇದು. ಮೈಸೂರಿನ ನಮ್ಮ ಚಿಕ್ಕಪ್ಪ ಕೇಳುವ ಧಾಟಿಯಲ್ಲೇ ಹೇಳುತ್ತೇನೆ: “ಅಲ್ಲಮ್ಮ, ನಾವು ಕನ್ನಡಿಗರೂ ಹೌದು, ಭಾರತೀಯರೂ ಹೌದು. ಹಾಗೇ ಅಲ್ಲಿಯವರೂ ಜರ್ಮನ್ನರು ಜೊತೆಗೆ ಯುರೋಪಿಯನ್ನರು ಅಂತ ಮನಸಾರೆ ಅಂದ್ಕೋತಾರಾ? ಇಲ್ಲ, ಅದು ಬರೀ ಸರ್ಕಾರದವರ ಮಾತಾ?”

ಅಂದುಕೊಳ್ಳುತ್ತಾರೆ ಚಿಕ್ಕಪ್ಪ, ಆದರೆ ಎಲ್ಲರೂ ಅಲ್ಲ. ಗಡಿಯಾಚೆ ಹೋಗಿ ಓದಿದವರು, ದುಡಿದವರು, ಮದುವೆಯಾದವರು ಅಂದುಕೊಳ್ಳುತ್ತಾರೆ. ಹುಟ್ಟಿದೂರಲ್ಲೇ ಬಾಳಿ ಬದುಕುವವರಿಗೆ ಅದರ ಗೊಡವೆ ಅಷ್ಟಾಗಿ ಇರುವುದಿಲ್ಲ. ಅವರನ್ನು ನಾನು ದೂರುವುದಿಲ್ಲ. ಯುರೋಪಿಯನ್ ಒಕ್ಕೂಟದ ಪೌರತ್ವ ಇರುವುದೇ ಹಾಗೆ: ಸ್ವಂತ ದೇಶ ಬಿಟ್ಟು ಆಚೆ ಕಾಲಿಟ್ಟಾಗಲೇ ಅದು ಕೆಲಸಕ್ಕೆ ಬರುವುದು.

ನಮ್ಮ ಹೋಲಿಕೆ ಇಲ್ಲಿ ಪೂರ್ತಿ ಹೊಂದುವುದೂ ಇಲ್ಲ. ಭಾರತದಲ್ಲಿ ಪೌರತ್ವ ಒಂದೇ; ಕರ್ನಾಟಕದ ಪೌರತ್ವ ಅಂತ ಬೇರೆ ಇಲ್ಲ. ಅಲ್ಲಿ ಮೊದಲು ಒಂದು ದೇಶದ ಪೌರರಾಗಿರಬೇಕು, ಅದರ ಬೆನ್ನಿಗೆ ಒಕ್ಕೂಟದ ಪೌರತ್ವ ತಾನಾಗಿ ಬರುತ್ತದೆ. ನೇರವಾಗಿ ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ಗೆ ಅರ್ಜಿ ಹಾಕಿ ಪಡೆಯುವಂಥದ್ದಲ್ಲ. 1992ರಲ್ಲಿ ಸಹಿಯಾಗಿ 1993ರ ನವೆಂಬರ್ 1ರಂದು ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಇದು ಹುಟ್ಟಿತು. ಡೆನ್ಮಾರ್ಕಿನ ಮತದಾರರು ಆ ಒಪ್ಪಂದವನ್ನು ಮೊದಲ ಸಲ ತಿರಸ್ಕರಿಸಿಯೇಬಿಟ್ಟಿದ್ದರು. ಒಕ್ಕೂಟದ ಪೌರತ್ವ ಸ್ವಂತ ದೇಶದ ಪೌರತ್ವಕ್ಕೆ ಜೊತೆಯಾಗಿ ಇರುತ್ತದೆಯೇ ಹೊರತು ಅದರ ಜಾಗಕ್ಕೆ ಬರುವುದಿಲ್ಲ ಎಂದು ಈಗಿನ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿದೆ.

ನಾನಿರುವ ಕೇಲ್ ಜರ್ಮನಿಯ ಅಂಚಿನ ಊರು. ರೈನ್ ನದಿ ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. 2017ರಿಂದ ಅಲ್ಲಿನ ಟ್ರಾಮ್ ನಮ್ಮೂರಿನವರೆಗೂ ಬರುತ್ತದೆ. ಆಚೆಯವರು ಸಿಗರೇಟು, ಶಾಂಪೂ ಕೊಳ್ಳಲು ಇಲ್ಲಿಗೆ ಬರುತ್ತಾರೆ, ಈಚೆಯವರು ಚೀಸ್‌ಗೆ ಅಲ್ಲಿಗೆ ಹೋಗುತ್ತಾರೆ. 2024ರ ಜೂನ್ 9ರಂದು ಇಲ್ಲಿ ನಗರಸಭೆಗೂ ಯುರೋಪಿಯನ್ ಪಾರ್ಲಿಮೆಂಟಿಗೂ ಒಂದೇ ದಿನ ಮತದಾನ ನಡೆಯಿತು. ನಮ್ಮ ಕಟ್ಟಡದಲ್ಲಿ ಬಾಡಿಗೆಗಿರುವ ಫ್ರೆಂಚ್ ಹೆಂಗಸು ಎರಡಕ್ಕೂ ಇಲ್ಲೇ ಮತ ಹಾಕಿದರು. ಜರ್ಮನ್ ಪಾಸ್‌ಪೋರ್ಟ್ ಅವರಿಗೆ ಬೇಕಾಗಲಿಲ್ಲ. ಅದೇ ಕಟ್ಟಡದಲ್ಲಿ, ಅದೇ ಊರಿಗೆ ತೆರಿಗೆ ಕಟ್ಟಿಕೊಂಡಿರುವ ನನಗೆ, ಭಾರತದ ಪಾಸ್‌ಪೋರ್ಟಿನವಳಿಗೆ, ಎರಡೂ ಇಲ್ಲ. ಯುರೋಪಿಯನ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ವ್ಯತ್ಯಾಸವನ್ನೇ.

ಆ ಟ್ರಾಮ್ ಸೇತುವೆಗೆ ಇಟ್ಟ ಹೆಸರು ಬೀಟಸ್ ರೆನಾನಸ್ ಎಂಬ ವಿದ್ವಾಂಸನದು. ಆತ ರಾಟರ್‌ಡ್ಯಾಮಿನ ಪಂಡಿತ ಎರಾಸ್ಮಸ್‌ನ ಆಪ್ತ ಗೆಳೆಯ. ಆ ಎರಾಸ್ಮಸ್ ಹೆಸರಿನಲ್ಲೇ ವಿದ್ಯಾರ್ಥಿ ವಿನಿಮಯ ಯೋಜನೆ 1987ರಲ್ಲಿ ಶುರುವಾಯಿತು. ಮೊದಲ ವರ್ಷ ಹೋದವರು 11 ದೇಶಗಳ 3,244 ಮಂದಿ. ಆದರೆ ಇದರ ಹಿಂದಿನ ಕಥೆ ಇನ್ನೂ ಹಳೆಯದು. ಸೋಫಿಯಾ ಕೊರ್ರಾದಿ ಎಂಬ ಇಟಲಿಯ ಕಾನೂನು ವಿದ್ಯಾರ್ಥಿನಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1958ರಲ್ಲಿ ರೋಮಿಗೆ ಮರಳಿದಾಗ, ಅವರ ಅಲ್ಲಿನ ಓದನ್ನು ರೋಮಿನ ವಿಶ್ವವಿದ್ಯಾಲಯ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ಅವಮಾನ ಅವರನ್ನು ಬಿಡಲಿಲ್ಲ. ಹೊರಗೆ ಓದಿದ್ದು ಮನೆಗೆ ಬಂದಾಗ ಲೆಕ್ಕಕ್ಕೆ ಸಿಗಬೇಕು ಎಂದು ಅವರು ವರ್ಷಗಟ್ಟಲೆ ಅಧಿಕಾರಿಗಳ ಬೆನ್ನು ಹತ್ತಿದರು. ‘ಮಮ್ಮಾ ಎರಾಸ್ಮಸ್’ ಅಂತ ಜನ ಅವರನ್ನು ಕರೆದದ್ದು ಸುಮ್ಮನೆ ಅಲ್ಲ.

ಕೋರ್ಟಿನ ಪಾಲೂ ಇದೆ. ಕಾಮಿಕ್ಸ್ ಚಿತ್ರಕಲೆ ಕಲಿಯಲು ಬೆಲ್ಜಿಯಂನ ಲಿಯೇಜ್‌ಗೆ ಹೋದ ಫ್ರೆಂಚ್ ವಿದ್ಯಾರ್ಥಿನಿಗೆ, ಅಲ್ಲಿನ ಮಕ್ಕಳಿಗಿಲ್ಲದ ಒಂದು ಶುಲ್ಕ ಹಾಕಿದ್ದರು. ಅದು ರಾಷ್ಟ್ರೀಯತೆಯ ಮೇಲೆ ಮಾಡಿದ ತಾರತಮ್ಯ ಎಂದು ಯುರೋಪಿನ ನ್ಯಾಯಾಲಯ 1985ರಲ್ಲಿ ತೀರ್ಪು ಕೊಟ್ಟಿತು. ಗ್ರಾವಿಯೇ ಪ್ರಕರಣ ಅಂತ ಅದರ ಹೆಸರು. ಪೌರತ್ವ ಎಂಬ ಮಾತು ಒಪ್ಪಂದಕ್ಕೆ ಸೇರುವ ಎಷ್ಟೋ ಮುಂಚೆ ನಡೆದದ್ದು ಇದು. ಯುರೋಪಿನ ಪೌರತ್ವ ಭಾಷಣಗಳಿಂದ ಬೆಳೆದಿಲ್ಲ, ಫೀಸು ಕಟ್ಟುವ ಕೌಂಟರುಗಳ ಜಗಳದಿಂದ ಬೆಳೆದಿದೆ ಎಂದು ನಾನು ನಂಬುವುದು ಇಂಥವನ್ನು ನೋಡಿಯೇ.

ಹೊರಗೆ ಓದಿದ್ದನ್ನು ಮನೆಯಲ್ಲಿ ಲೆಕ್ಕಕ್ಕೆ ಹಿಡಿಯುವುದು ಈಗ ಹೇಗೆ ನಡೆಯುತ್ತದೆ ಅಂದರೆ, ಹೊರಡುವ ಮೊದಲೇ ಲರ್ನಿಂಗ್ ಅಗ್ರಿಮೆಂಟ್ ಎಂಬ ಒಂದು ಪತ್ರ ಆಗಬೇಕು. ನನ್ನ ಸಹೋದ್ಯೋಗಿಯ ಮಗಳು ಪೋರ್ಚುಗಲ್ಲಿನ ಕೊಯಿಂಬ್ರಾಕ್ಕೆ ಒಂದು ಸೆಮಿಸ್ಟರ್ ಹೋಗುವಾಗ ಅದನ್ನು ಹತ್ತಿರದಿಂದ ನೋಡಿದೆ. ಒಂದು ಕೋಷ್ಟಕದಲ್ಲಿ ಅಲ್ಲಿ ಓದುವ ವಿಷಯಗಳು, ಇನ್ನೊಂದರಲ್ಲಿ ಅವಕ್ಕೆ ಬದಲಾಗಿ ಇಲ್ಲಿ ಬಿಟ್ಟುಕೊಡುವ ವಿಷಯಗಳು. ಪ್ರತಿಯೊಂದರ ಮುಂದೆ ಕ್ರೆಡಿಟ್, ಸೆಮಿಸ್ಟರಿಗೆ ಒಟ್ಟು 30. ಕೆಳಗೆ ಮೂರು ಸಹಿ: ವಿದ್ಯಾರ್ಥಿಯದು, ಕಳಿಸುವವರದು, ಸೇರಿಸಿಕೊಳ್ಳುವವರದು. ಅಲ್ಲಿಗೆ ಹೋದ ಮೇಲೆ ಒಂದು ವಿಷಯದ ಕ್ಲಾಸು ಅವಳ ಇನ್ನೊಂದು ಕ್ಲಾಸಿನ ಹೊತ್ತಿಗೇ ಬಿತ್ತು. ಅದನ್ನು ಬದಲಾಯಿಸಲು ಮತ್ತೊಂದು ಕೋಷ್ಟಕ, ಮತ್ತೆ ಅದೇ ಮೂರು ಸಹಿ. ಅವಳಿಗೆ ರೇಗಿಹೋಗಿತ್ತು. ನನಗೆ ಮಾತ್ರ ಆ ಕಾಗದ ನೋಡಿ ಗೌರವ ಹುಟ್ಟಿತು. ಕೊರ್ರಾದಿಯವರ ಕೈಯಲ್ಲಿ ಅವತ್ತು ಇಲ್ಲದೆ ಹೋದದ್ದು ಅದೇ.

ಹಾಗಾದರೆ ಒಂದು ಸೆಮಿಸ್ಟರ್ ಹೋಗಿ ಬಂದರೆ ಯುರೋಪಿಯನ್ ಆಗಿಬಿಡುತ್ತಾರಾ? ಸಂಶೋಧಕಿ ಥೆರೆಸಾ ಕುನ್ 2012ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನು ನೇರವಾಗಿ ಕೆಣಕಿದರು. ವಿಶ್ವವಿದ್ಯಾಲಯಕ್ಕೆ ಹೋಗುವ ಮಕ್ಕಳು ಮೊದಲೇ ಯುರೋಪಿನ ಕಡೆ ಒಲವಿದ್ದವರು; ವಿನಿಮಯ ಯೋಜನೆ ಹೆಚ್ಚು ಬದಲಾವಣೆ ತರಬಲ್ಲದ್ದು ಕಡಿಮೆ ಓದಿದವರಲ್ಲಿ, ಆದರೆ ಅದು ಅವರನ್ನು ಮುಟ್ಟುವುದೇ ಅಪರೂಪ ಎಂಬುದು ಅವರ ವಾದ. ನನಗಿದು ಸರಿ ಅನಿಸುತ್ತದೆ. ಎರಾಸ್ಮಸ್ ಹಣ ಪೂರ್ತಿ ಖರ್ಚಿಗೆ ಸಾಲುವುದಿಲ್ಲ. ಮನೆಯವರು ಕೈಯಿಂದ ಹಾಕಬೇಕು, ಇಲ್ಲದಿದ್ದರೆ ಸಾಲ ಮಾಡಬೇಕು. ರಜೆಯಲ್ಲೂ ದುಡಿದು ಮನೆಗೆ ಕೊಡಬೇಕಾದ ಹುಡುಗ ಅರ್ಜಿಯನ್ನೇ ಹಾಕುವುದಿಲ್ಲ. ಈಗ ಬಡಗಿ ಕೆಲಸ, ಅಡುಗೆ, ವೈರಿಂಗ್ ಕಲಿಯುವ ಅಪ್ರೆಂಟಿಸ್‌ಗಳಿಗೂ ಎರಾಸ್ಮಸ್ ಪ್ಲಸ್ ಎಂಬ ಈಗಿನ ಹೆಸರಿನ ಈ ಯೋಜನೆಯಲ್ಲಿ ದಾರಿಯಿದೆ. ಹೆಚ್ಚಿನ ಹಣ ಅಲ್ಲಿಗೇ ಹೋಗಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇದ್ದಾಗ ಗಮನಕ್ಕೆ ಬಾರದ್ದು ಹೋದಾಗ ಬರುತ್ತದೆ. 2020ರ ಮಾರ್ಚ್ 16ರಂದು ಕೊರೊನಾ ಕಾರಣಕ್ಕೆ ಜರ್ಮನಿ ಫ್ರಾನ್ಸಿನ ಗಡಿಯಲ್ಲಿ ತಪಾಸಣೆ ಶುರುಮಾಡಿತು, ನಮ್ಮ ಟ್ರಾಮೂ ನದಿ ದಾಟುವುದನ್ನು ನಿಲ್ಲಿಸಿತು. ನಮ್ಮೂರಿನ ಮುದುಕರು ರಾಜಕೀಯದ ಮಾತು ಬಿಟ್ಟು ಮೊಮ್ಮಕ್ಕಳನ್ನು ನೋಡಲಾಗದ ಸಂಕಟ ತೋಡಿಕೊಳ್ಳುತ್ತಿದ್ದರು. ಜೂನ್‌ನಲ್ಲಿ ಗಡಿ ತೆರೆಯಿತು. ಬ್ರಿಟನ್ನಿನವರಿಗೆ ಹಾಗೆ ತೆರೆಯಲಿಲ್ಲ. 1984ರಿಂದ ಫ್ರಾನ್ಸಿನಲ್ಲೇ ನೆಲೆಸಿ, ಫ್ರೆಂಚರನ್ನೇ ಮದುವೆಯಾಗಿದ್ದ ಒಬ್ಬ ಬ್ರಿಟಿಷ್ ಮಹಿಳೆಯ ಹೆಸರನ್ನು ಬ್ರೆಕ್ಸಿಟ್ ಆದ ಮೇಲೆ ಊರಿನ ಮತದಾರರ ಪಟ್ಟಿಯಿಂದ ತೆಗೆದುಹಾಕಿದರು. 15 ವರ್ಷಕ್ಕಿಂತ ಹೆಚ್ಚು ಹೊರಗಿದ್ದ ಕಾರಣ ಆಗಿನ ನಿಯಮದಂತೆ ಬ್ರಿಟನ್ನಿನಲ್ಲೂ ಮತವಿರಲಿಲ್ಲ. ಅವರು ಕೋರ್ಟಿಗೆ ಹೋದರು. ಸ್ವಂತ ದೇಶ ಒಕ್ಕೂಟ ಬಿಟ್ಟ ಮೇಲೆ ಒಕ್ಕೂಟದ ಪೌರತ್ವವೂ ಹೋಯಿತು ಎಂದು 2022ರ ಜೂನ್‌ನಲ್ಲಿ ತೀರ್ಪಾಯಿತು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು, ನನಗಂತೂ ಓದಿ ಹೊಟ್ಟೆ ಉರಿಯಿತು. ಮನಸ್ಸಿನಲ್ಲಿ ಅವರಿಗಿಂತ ಹೆಚ್ಚು ಯುರೋಪಿಯನ್ ಇನ್ಯಾರಿದ್ದಾರು!

ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ: “ಈ ಎರಾಸ್ಮಸ್ ನಮ್ಮ ಹುಡುಗರಿಗೂ ಸಿಗುತ್ತದಾ?” ಸಿಗುತ್ತದೆ. 2004ರಿಂದ ಇರುವ ಎರಾಸ್ಮಸ್ ಮುಂಡುಸ್ ಹೊರಗಿನವರಿಗೂ ತೆರೆದಿದೆ. ಸ್ನಾತಕೋತ್ತರ ಪದವಿಯನ್ನು ಎರಡು ಮೂರು ದೇಶಗಳಲ್ಲಿ ಓದಬಹುದು. ವಿದ್ಯಾರ್ಥಿವೇತನ ಈಗ ತಿಂಗಳಿಗೆ 1,400 ಯೂರೋ, ಹೆಚ್ಚೆಂದರೆ 24 ತಿಂಗಳು, ಮೇಲಾಗಿ ಬೋಧನಾ ಶುಲ್ಕ ಕಟ್ಟುವಂತಿಲ್ಲ. ಅರ್ಜಿಯನ್ನು ಆಯಾ ಕೋರ್ಸ್ ನಡೆಸುವವರಿಗೆ ನೇರವಾಗಿ ಹಾಕಬೇಕು. ದಯವಿಟ್ಟು ಏಜೆಂಟರಿಗೆ ದುಡ್ಡು ಸುರಿಯಬೇಡಿ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ ಅರ್ಜಿ ಕರೆಯುತ್ತಾರೆ, ಅಷ್ಟರಲ್ಲಿ ಮಾರ್ಕ್ಸ್ ಕಾರ್ಡು, ಇಬ್ಬರು ಮೇಷ್ಟ್ರುಗಳ ಶಿಫಾರಸು ಪತ್ರ ತಯಾರಿಟ್ಟುಕೊಳ್ಳಿ.