ಒಂದು ಕೈಗೆ ಕೋಲು, ಇನ್ನೊಂದು ಬರಿಗೈ

ಸಾಗರದ ಕಡೆಯವರಿಗೆ ಡೊಳ್ಳು ಬಾರಿಸೋದು ಹೇಗೆ ಅಂತ ಹೇಳಿಕೊಡಬೇಕಾಗಿಲ್ಲ. ಬಲಗೈಯಲ್ಲಿ ಕೋಲು, ಎಡಗೈ ಬರಿಗೈ. ಹೈಸ್ಕೂಲಿನಲ್ಲಿದ್ದಾಗ ನಾನೂ ಎರಡು ವರ್ಷ ಊರಿನ ತಂಡದಲ್ಲಿ ಕುಣಿದವನು. ಕಲಿಸಿದವರು ಸೋದರಮಾವ. "ಕೋಲು ಯಾರು ಬೇಕಾದ್ರೂ ಹೊಡೀತಾರೆ, ಎಡಗೈ ಮಾತಾಡ್ಬೇಕು" ಅನ್ನೋರು. ಮಳೆಗಾಲದಲ್ಲಿ ಚರ್ಮ ಸಡಿಲವಾಗಿ ಡೊಳ್ಳು ಮಂಕಾದರೆ, ಹಗ್ಗ ಎಳೆದು ಬಿಗಿಯುತ್ತಾ ಮತ್ತೆ ಅದನ್ನೇ ಹೇಳೋರು.

ಆ ಮಾತು ಇಷ್ಟು ವರ್ಷದ ಮೇಲೆ ನೆನಪಾದದ್ದು ಬರ್ಲಿನ್‌ನಲ್ಲಿ, ಹೋದ ಚಳಿಗಾಲದ ಒಂದು ರಾತ್ರಿ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಗೆಳತಿ ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ಡಾಕಾರ್‌ನವಳು. "ನಮ್ಮೂರಿನ ಸಬಾರ್ ಕೇಳೋಕೆ ಬಾ" ಅಂತ ಕರೆದಳು. ಸಬಾರ್ ಅಂದರೆ ಅವರ ಕಡೆಯ ಚರ್ಮವಾದ್ಯ. ತಂಡದ ಹೆಸರು ನ್ದಗ್ಗ ರಿದಮ್ ಫೋರ್ಸ್. ಹೆಸರು ಕೇಳಿದ್ದೆ. ಅದನ್ನು ಕಟ್ಟಿದ ಮಾರ್ಕ್ ಎರ್ನೆಸ್ಟಸ್ ಬರ್ಲಿನ್‌ನವರೇ. 1989ರಲ್ಲಿ ಇಲ್ಲಿ ಹಾರ್ಡ್ ವ್ಯಾಕ್ಸ್ ಅನ್ನೋ ರೆಕಾರ್ಡ್ ಅಂಗಡಿ ತೆರೆದವರು. 90ರ ದಶಕದಲ್ಲಿ ಮೊರಿಟ್ಸ್ ಫಾನ್ ಓಸ್ವಾಲ್ಡ್ ಜೊತೆ ಸೇರಿ ಬೇಸಿಕ್ ಚಾನಲ್ ಹೆಸರಿನಲ್ಲಿ ಟೆಕ್ನೋ ಅನ್ನೋ ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೊಸ ದಾರಿ ತೋರಿದವರು. ಆಮೇಲೆ ಸೆನೆಗಲ್‌ನ ಎಂಬಲಾಹ್ ಸಂಗೀತಕ್ಕೆ ಮನಸೋತು ಡಾಕಾರ್‌ಗೇ ಹೋದರು. ಅಲ್ಲಿನ ವಾದ್ಯಗಾರರನ್ನು ಕೂಡಿಸಿಕೊಂಡು ಮಾಡಿದ ಮೊದಲ ಆಲ್ಬಮ್ 2013ರಲ್ಲಿ ಬಂತು.

ನನಗೆ ಒಳಗೊಳಗೇ ಅಳುಕಿತ್ತು. ಹಳ್ಳಿಯ ವಾದ್ಯ ತಂದು ಅದರ ಕೆಳಗೆ ಕಂಪ್ಯೂಟರಿನ ಧಡ್ ಧಡ್ ಹಾಸಿ "ಫ್ಯೂಷನ್" ಅಂತ ಮಾರೋದನ್ನು ಬೇಕಾದಷ್ಟು ಕೇಳಿದ್ದೇನೆ. ಡೊಳ್ಳಿಗೂ ಹಾಗೆ ಮಾಡಿದ್ದಾರೆ. ಯಂತ್ರ ಒಂದೇ ಸಮ ಓಡುತ್ತಿರುತ್ತದೆ, ಬಾರಿಸುವವರು ಅದರ ಹಿಂದೆ ಏದುಸಿರು ಬಿಡುತ್ತಾ ಓಡಬೇಕು.

ನಾವು ಬೇಗ ಹೋಗಿ ವೇದಿಕೆಯ ಎಡಬದಿಗೆ ಅಂಟಿಕೊಂಡು ನಿಂತೆವು. ಎರಡು ಮಾರು ದೂರದಲ್ಲಿ ಒಬ್ಬ ವಾದ್ಯಗಾರ ತನ್ನ ಸಬಾರ್ ಸರಿಮಾಡಿಕೊಳ್ಳುತ್ತಿದ್ದ. ಉದ್ದನೆಯ ಮರದ ಒಡಲು, ಮೇಲೆ ಮೇಕೆ ಚರ್ಮ, ಸುತ್ತ ಗೂಟಗಳು. ಒಂದೊಂದೇ ಗೂಟವನ್ನು ತಟ್ಟಿ ಕೆಳಗಿಳಿಸುತ್ತಾ, ಚರ್ಮದ ಅಂಚಿಗೆ ಬೆರಳಿನಿಂದ ಟಕ್ ಅನಿಸಿ ಕಿವಿಗೊಡುತ್ತಿದ್ದ. ಎಡಗೈಯ ಎರಡು ಬೆರಳಿಗೆ ಬಿಳಿ ಟೇಪು ಸುತ್ತಿತ್ತು. ಬಲಗೈಯಲ್ಲಿ ತೆಳ್ಳನೆಯ ಉದ್ದ ಕೋಲು. ಅದನ್ನು ಗಲಾನ್ ಅಂತಾರೆ ಅಂದಳು ಗೆಳತಿ. ನಾನು ಆ ಎಡಗೈಯನ್ನೇ ನೋಡುತ್ತಿದ್ದೆ. ಡೊಳ್ಳಿಗೆ ಎರಡು ಮುಖ, ಇದಕ್ಕೆ ಒಂದೇ. ಅಂಗೈ, ಕೋಲು ಎರಡೂ ಬೀಳಬೇಕಾದ್ದು ಒಂದೇ ಚರ್ಮದ ಮೇಲೆ.

ಬಾರಿಸುವ ಮುಂಚೆ ಅವನ ತುಟಿ ಅಲ್ಲಾಡುತ್ತಿತ್ತು. ಸಬಾರಿಗೂ ಬಾಯಿಪಾಠ ಇದೆ. ಕೈಯ ಪೆಟ್ಟಿಗೆ ಒಂದು ಅಕ್ಷರ, ಕೋಲಿನ ಪೆಟ್ಟಿಗೆ ಇನ್ನೊಂದು. ಎರಡೂ ಬೆನ್ನು ಬೆನ್ನಿಗೆ ಬಿದ್ದರೆ "ರ್ವಾನ್". ಗೆವೆಲ್ ಅನ್ನೋ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೀಗೇ ಬಾಯಿಂದ ಬಾಯಿಗೆ ಬಂದ ವಿದ್ಯೆ ಅದು.

ಶುರುವಾಯಿತು. ಎಂಬೆನೆ ಜಟ್ಟಾ ಸೆಕ್ ಹಾಡಲು ನಿಂತರು. ಎತ್ತರದ, ಚೂಪಾದ ದನಿ. ಕಂಚಿನ ತಟ್ಟೆಗೆ ಬಡಿದ ಹಾಗೆ. ಇತ್ತ ಸಬಾರ್‌ಗಳು ಒಂದರ ಮೇಲೊಂದು ಏರಿದವು. ನಾನು ಹಳೇ ಅಭ್ಯಾಸದಂತೆ ತೊಡೆ ತಟ್ಟಿ ಎಣಿಸತೊಡಗಿದೆ. ಒಂದು, ಎರಡು, ಮೂರು... ತಾಳ ಶುರುವಾಗುವ ಎತ್ತುಗಡೆ ಎಲ್ಲಿದೆ ಅಂತ ಸಿಗಲೇ ಇಲ್ಲ. ಸಿಕ್ಕಿತು ಅನ್ನುವಷ್ಟರಲ್ಲಿ ಇನ್ನೊಂದು ಸಬಾರ್ ಬೇರೆ ಕಡೆಯಿಂದ ಬಂದು ಅಡ್ಡ ಹಾಯುತ್ತಿತ್ತು. ಕೈ ನಿಂತೇ ಹೋಯಿತು. ಡೊಳ್ಳು ಬಾರಿಸಿದವನಿಗೆ ಎತ್ತುಗಡೆ ಸಿಗದಿದ್ದರೆ ಎಂಥ ಸಂಕಟ ಗೊತ್ತಾ?

ಗೆಳತಿ ಕಿವಿಯ ಹತ್ತಿರ ಬಂದು ಅಂದಳು, "ಎಣಿಸಬೇಡ. ಯಾರಾದ್ರೂ ಕುಣಿಯೋಕೆ ಬರ್ತಾರೆ, ಅವರ ಕಾಲು ನೋಡು."

ಅಲ್ಲಿಯವರೆಗೆ ಎಲೆಕ್ಟ್ರಾನಿಕ್ ಸದ್ದಿನ ಕಡೆ ಗಮನವೇ ಹೋಗಿರಲಿಲ್ಲ. ಈಗ ಕೇಳಿಸಿತು. ಒಂದೂ ಧಡ್ ಧಡ್ ಇಲ್ಲ. ಸಿಂಥಸೈಜರಿನದು ತಗ್ಗಿನ ಗುಂಯ್ ಅನ್ನೋ ಶ್ರುತಿ, ಎದೆಗೂಡಿನಲ್ಲಿ ಅದುರುವಂಥದು. ಸಬಾರಿನ ಒಂದು ಪೆಟ್ಟು ಎಲ್ಲೋ ದೂರಕ್ಕೆ ಹೋಗಿ ಮಾರ್ದನಿಯಾಗಿ ಮರಳುತ್ತಿತ್ತು. ಎರ್ನೆಸ್ಟಸ್ ಜಮೈಕಾದ ಡಬ್ ಸಂಗೀತದಲ್ಲಿ ಮುಳುಗೆದ್ದವರು. ಡಬ್ ಅಂದರೆ ತೆಗೆಯುವ ಕಲೆ. ಹಾಡಿನಿಂದ ಒಂದೊಂದೇ ತೆಗೆದು, ಉಳಿದದ್ದಕ್ಕೆ ಉಸಿರಾಡಲು ಜಾಗ ಕೊಡೋದು. ಈ ತಂಡವೂ ಹಾಗೇ ತೆಗೆಯುತ್ತಾ ಬಂದಿದೆ. 2016ರ 'ಯೆರ್ಮಾಂಡೆ' ಆಲ್ಬಮ್‌ನಲ್ಲಿ ದೊಡ್ಡ ಬಳಗವಿತ್ತು. 2025ರ 'ಖಾದಿಮ್' ಬರುವಷ್ಟರಲ್ಲಿ ಗಿಟಾರೂ ಇಲ್ಲ. ದನಿ, ಸಬಾರ್, ಸಿಂಥ್, ಅಷ್ಟೇ. ನನಗೆ ಇದೇ ಜಾಸ್ತಿ ಇಷ್ಟ.

ಹೊತ್ತು ಕಳೆದ ಮೇಲೆ ಜನರ ನಡುವಿನಿಂದ ಒಬ್ಬ ಹೆಂಗಸು ವೇದಿಕೆ ಹತ್ತಿದರು. ಐವತ್ತು ದಾಟಿರಬೇಕು. ಹಸಿರು ಬಟ್ಟೆ, ತಲೆಗೆ ಸುತ್ತಿದ ವಸ್ತ್ರ. ಸೆರಗಿನಂಥ ತುದಿಯನ್ನು ಒಂದು ಕೈಯಲ್ಲಿ ಹಿಡಿದು ಮೊಣಕಾಲು ಮೇಲೆತ್ತಿದರು. ಟೇಪು ಸುತ್ತಿದ ಬೆರಳಿನವನು ತಟ್ಟನೆ ಅವರ ಕಡೆ ತಿರುಗಿದ. ಅವನ ಕಣ್ಣು ಅವರ ಪಾದ ಬಿಟ್ಟು ಕದಲಲಿಲ್ಲ. ಅವರು ಕಾಲು ಗಾಳಿಯಲ್ಲೇ ನಿಲ್ಲಿಸಿದರೆ ಅವನ ಅಂಗೈಯೂ ಚರ್ಮದ ಮೇಲೆ ನಿಂತಿತು. ಪಾದ ನೆಲಕ್ಕೆ ಬಿದ್ದ ಕ್ಷಣಕ್ಕೇ "ರ್ವಾನ್"! ಮತ್ತೆ ಎತ್ತಿದರು, ಬೇಕಂತಲೇ ತಡಮಾಡಿದರು. ಅವನು ಕಾದ. ಎರ್ನೆಸ್ಟಸ್ ಆ ಗುಂಯ್ ಶ್ರುತಿಯನ್ನೂ ಮೆಲ್ಲಗೆ ಇಳಿಸುತ್ತಾ ಬಂದು ಪೂರ್ತಿ ನಿಲ್ಲಿಸಿಬಿಟ್ಟರು. ಇಡೀ ಸಭಾಂಗಣದಲ್ಲಿ ಒಂದು ಪಾದ, ಒಂದು ಅಂಗೈ. ಯಂತ್ರವೂ ಆ ಕಾಲಿಗಾಗಿ ಕಾಯುತ್ತಿತ್ತು.

ಎತ್ತುಗಡೆ ಆಗ ಸಿಕ್ಕಿತು. ಅದು ಆ ಹೆಂಗಸಿನ ಹಿಮ್ಮಡಿಯಲ್ಲಿತ್ತು. ನನ್ನ ಕೈ ತಾನಾಗೇ ಮತ್ತೆ ತೊಡೆ ತಟ್ಟುತ್ತಿತ್ತು, ಈ ಸಲ ಎಡಗೈ. ಗೆಳತಿ ನನ್ನ ಕೈ ನೋಡಿ ಜೋರಾಗಿ ಕೂಗಿ ನಕ್ಕಳು.

ಕುಣಿತ ಮುಗಿಸಿ ಆಕೆ ಕೆಳಗಿಳಿದು, ನಮ್ಮ ಹತ್ತಿರವೇ ನಿಂತು ನೀರು ಕುಡಿದರು. ಗೆಳತಿ ವೊಲೋಫ್‌ನಲ್ಲಿ ಏನೋ ಕೇಳಿದಳು, ಇಬ್ಬರೂ ತುಂಬಾ ಹೊತ್ತು ಕೈಹಿಡಿದುಕೊಂಡು ಮಾತಾಡಿದರು. ನಾನು ಸುಮ್ನೆ ನಿಂತಿದ್ದೆ. ಆ ಭಾಷೆಯ ಒಂದು ಪದವೂ ತಿಳಿಯದಿದ್ದರೂ ಅಲ್ಲಿಂದ ದೂರ ಸರಿಯೋಕೆ ಮನಸ್ಸಾಗಲಿಲ್ಲ.

ಫೋನಿನಲ್ಲಿ ಒಂದು ನಿಮಿಷದಷ್ಟು ರೆಕಾರ್ಡ್ ಮಾಡಿಕೊಂಡಿದ್ದೆ. ರಾತ್ರಿ ಮನೆಗೆ ಬಂದವನೇ ಮಾವನಿಗೆ ಕಳಿಸಿದೆ. ಯಾರು ಬಾರಿಸಿದ್ದು, ಎಲ್ಲಿ, ಒಂದನ್ನೂ ಬರೆಯಲಿಲ್ಲ. ಊರಲ್ಲಿ ಆಗ ಬೆಳಗಾಗುತ್ತಿತ್ತು. ಅರ್ಧ ಗಂಟೆಯಲ್ಲಿ ಅವರೇ ಫೋನ್ ಮಾಡಿದರು.

"ಆ ಎಡಗೈ ಯಾರದು ಮಾರಾಯ?"